ಒದ್ದೆ ಮಡಿಯಲ್ಲಿ ಸುತ್ತಿದ ಪುರಾಣ

ನಿನ್ನೆ ಮಧ್ಯಾಹ್ನ ಊಟಕ್ಕೆ ಕುಳಿತಾಗ ನನ್ನ ಮರ್ಯಾದೆ ಸ್ವಲ್ಪ ಹೋಯಿತು. ಎದುರಿಗೆ ಬುಟ್ಟಿಯಲ್ಲಿ ಒಣಗಿದ ಜೋಳದ ರೊಟ್ಟಿಗಳ ಅಡಕಲು, ಒಂದರ ಮೇಲೊಂದು. ಎರಡನೆಯ ರೊಟ್ಟಿಗೆ ಕೈ ಹಾಕುವಾಗ ನನ್ನ ತೋರುಬೆರಳು ತಾನಾಗಿಯೇ ನಾಲಿಗೆಗೆ ಹೋಗಿಬಂದು ರೊಟ್ಟಿಯ ಅಂಚನ್ನು ಮೆಲ್ಲಗೆ ಎತ್ತಿತು. ಬಡಿಸುತ್ತಿದ್ದ ಮೊಮ್ಮಗನ ಹೆಂಡತಿ ಗಿರಿಜವ್ವ ಸೆರಗನ್ನು ಬಾಯಿಗೆ ಹಿಡಿದಳು.

“ಅಜ್ಜಾರ, ರೊಟ್ಟಿ ತಿನ್ನಾಕತ್ತೀರೋ, ಓದಾಕತ್ತೀರೋ?”

“ಏನ ಮಾಡ್ಲಿ ತಂಗಿ, ನೀ ಬಡದ ರೊಟ್ಟಿ ಹಂಗ ಅದಾವು. ಹಾಳಿಗಿಂತ ತೆಳ್ಳಗ.”

ನನ್ನ ಹೆಂಡತಿ ನೀಲವ್ವನಿಗೆ ಅಡುಗೆಮನೆಯಿಂದಲೇ ಎಲ್ಲ ಕಾಣಿಸುತ್ತದೆ. “ಬುಟ್ಟಿ ತುಂಬ ಎಂಜಲ ಮಾಡಿಟ್ರು. ಇನ್ನ ಅಷ್ಟೂ ಅವರ ಮುಂದ ಇಡು, ಕಡೀ ಹಾಳಿ ತನಕ ಓದಿ ಮುಗಸ್ಲಿ” ಎಂದಳು.

ಆ ಬೆರಳಿನದೇನೂ ತಪ್ಪಿಲ್ಲ ನೋಡಿ. ಅದು ನೇಕಾರರ ಮನೆಯಲ್ಲಿ ಹುಟ್ಟಿದ ಬೆರಳು. ಗಜೇಂದ್ರಗಡದ ನಮ್ಮ ಓಣಿಯಲ್ಲಿ ಕೂಸು ಅಂಬೆಗಾಲಿಟ್ಟು ಮೊದಲು ಹೋಗುವುದೇ, ನೇಕಾರ ಕಾಲು ಇಳಿಬಿಟ್ಟು ಕೂರುವ ಮಗ್ಗದ ಕುಣಿಯ ಅಂಚಿಗೆ. ಸೀರೆ ನೇಯುವಾಗ ಎಳೆ ಹರಿಯುತ್ತದೆ; ಹರಿದರೆ ಎರಡು ತುದಿಗಳನ್ನು ನಾಲಿಗೆಗೆ ತಾಗಿಸಿ ಬೆರಳ ನಡುವೆ ಹೊಸೆದರೆ ಮತ್ತೆ ಒಂದಾಗುತ್ತದೆ. ದಿನವೆಲ್ಲ ಹೀಗೆ ಬಾಯಿಗೆ ಹೋಗಿಬರುವ ಬೆರಳಿಗೆ ಮುಂದೆ ಪುರಾಣದ ಹಾಳೆ ತಿರುವುವ ಕೆಲಸವೂ ಬಿತ್ತು. ಅದಕ್ಕೆ ನೂಲೂ ಒಂದೇ, ಹಾಳೆಯೂ ಒಂದೇ, ಈಗ ನೋಡಿದರೆ ರೊಟ್ಟಿಯೂ ಒಂದೇ.

ಪುರಾಣ ಎಂದೆನೆಂದು ನನ್ನನ್ನು ದೊಡ್ಡ ಓದಿದವನೆಂದು ತಿಳಿಯಬೇಡಿ. ಅಪ್ಪ ಅಂಗಳದಲ್ಲಿ ಉಸುಕು ಹರಡಿ ಅದರ ಮೇಲೆ ತಿದ್ದಿಸಿದ್ದೇ ನನ್ನ ವಿದ್ಯೆ. ಗಾಳಿ ಬೀಸಿದರೆ ಅದು ಹಾರಿಹೋಗುತ್ತಿತ್ತು, ಮರುದಿನ ಮೊದಲಿನಿಂದ ಆರಂಭ. ಕಣ್ಣಿಗಿಂತ ಕೈಯ ಅಂದಾಜಿನಲ್ಲೇ ಬರೆದ ಈ ಬರಹದಲ್ಲಿ ತಪ್ಪು ಕಂಡರೆ ಅದು ಗಾಳಿಯ ತಪ್ಪು ಎಂದುಕೊಳ್ಳಿ.

ಶ್ರಾವಣ ಬಂತೆಂದರೆ ನಮ್ಮ ಓಣಿಯ ದೇವಿಯ ಗುಡಿಯಲ್ಲಿ ಸಂಜೆ ಸಂಜೆ ಪುರಾಣ. ರಾಜೂರಿನಿಂದಲೂ ಕೇಳಲು ಬರುತ್ತಾರೆ, ಬಂದವರಲ್ಲಿ ಅರ್ಧ ಜನ ಕಂಬಕ್ಕೆ ಒರಗಿ ತೂಕಡಿಸುತ್ತಾರೆ; ಎರೆಹೊಲದಲ್ಲಿ ದುಡಿದು ಬಂದವರು, ಅವರ ನಿದ್ದೆಗೂ ಪುಣ್ಯ ಬರಲಿ. ಅಪ್ಪನ ತರುವಾಯ ಓದುವವನ ಮಣೆ ನನ್ನ ಪಾಲಿಗೆ ಬಂತು. ಪುರಾಣದ ಹೊತ್ತಿಗೆ ನಮ್ಮ ಮನೆಯದು. ನನ್ನ ಮುತ್ತಜ್ಜ ದೀಪದ ಕಾಡಿಗೆಗೆ ಜಾಲಿಯ ಅಂಟು ಕಲಸಿ ಮಸಿ ಮಾಡಿ, ಕೈಯಾರೆ ನಕಲು ಮಾಡಿಕೊಂಡದ್ದು. ಕಾಗದ ಉಳಿಸುವ ಆಸೆಗೆ ಮಾತಿಗೂ ಮಾತಿಗೂ ನಡುವೆ ಸಂದೇ ಬಿಟ್ಟಿರಲಿಲ್ಲ ಪುಣ್ಯಾತ್ಮ. ಇಷ್ಟು ಜುಗ್ಗನಾದವನು ಮೊದಲನೆಯ ಸಂಧಿ ಮುಗಿದಲ್ಲಿ ಮಾತ್ರ ಉದಾರವಾಗಿ ಜಾಗ ಬಿಟ್ಟು, ತಾನೇ ಕಟ್ಟಿದ ನಾಲ್ಕು ಸಾಲು ಸೇರಿಸಿದ್ದ. ಪುರಾಣ ಬರೆದ ಕವಿಗೆ ಅದರ ಸುದ್ದಿಯೇ ಇಲ್ಲ. ಆದರೆ ನಮ್ಮ ಓಣಿಯ ಹೆಂಗಸರಿಗೆ ಉಳಿದ ಪುರಾಣವೆಲ್ಲ ಒಂದು ತೂಕ, ಆ ನಾಲ್ಕು ಸಾಲು ಒಂದು ತೂಕ. ಅದು ಬಂದಾಗ ತೂಕಡಿಸುವವರೂ ಎಚ್ಚೆತ್ತು ಕೈ ಮುಗಿಯುತ್ತಿದ್ದರು.

ಬರುಬರುತ್ತ ನನ್ನ ಕಣ್ಣಿಗೆ ಮಂಜು ಕವಿಯಿತು. ಆಗಲೂ ಓದುತ್ತಿದ್ದೆ. ಓದುತ್ತಿದ್ದೆ ಅಂದರೆ, ಹೊತ್ತಿಗೆ ಮುಂದೆ ತೆರೆದಿರುತ್ತಿತ್ತು, ಬಾಯಿ ತನ್ನ ಪಾಡಿಗೆ ತಾನು ಹೇಳುತ್ತಿತ್ತು. ಹಾಳೆ ತಿರುವುವುದೊಂದೇ ಮರೆತುಹೋಗುತ್ತಿತ್ತು. ಆಗ ಹೆಂಗಸರ ಸಾಲಿನಲ್ಲಿ ನೀಲವ್ವ ಕೆಮ್ಮುವಳು, ಕೆಮ್ಮಿದಾಗ ತಿರುವುವೆನು. ಒಂದು ಶ್ರಾವಣದಲ್ಲಿ ಅವಳಿಗೆ ನಿಜವಾಗಿಯೇ ನೆಗಡಿಯಾಗಿ, ಒಂದೇ ಸಂಜೆಗೆ ಅರ್ಧ ಪುರಾಣ ತಿರುವಿಹಾಕಿದೆ. ಗುಡಿಯಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರ ಹಾಗೆ ಕುಳಿತಿರುವುದು ಅವರ ದೊಡ್ಡತನ.

ಆದರೆ ದೊಡ್ಡತನದ ಮೇಲೆ ಎಷ್ಟು ದಿನ ನಡೆದೀತು? ಅಕ್ಷರ ಕಾಣುವ ಕಣ್ಣು ಹೋಯಿತು, ಅದರ ಹಿಂದೆ ದನಿಯೂ ಹೊರಟು ನಿಂತಿತು. ಸಂಜೆಗೆ ಮಣೆಯ ಮೇಲೆ ಕುಳಿತರೆ ಏಳುವುದು ಬೇಡ ಅನ್ನಿಸುವಷ್ಟು ದಣಿವು. ನನ್ನ ಮಗನಿಗೆ ಅಕ್ಷರಕ್ಕಿಂತ ಮಗ್ಗದ ಲಾಳಿಯೇ ಪ್ರೀತಿ. ಉಳಿದವನು ಮೊಮ್ಮಗ ಈರಣ್ಣ. ಅವನು ಸೋದರಮಾವನ ಮನೆಯಲ್ಲಿದ್ದುಕೊಂಡು ರೋಣದಲ್ಲಿ ಸಾಲಿ ಕಲಿತವನು. ಕಲಿತದ್ದೆಲ್ಲ ಅಚ್ಚಿನ ಅಕ್ಷರ. ಮುತ್ತಜ್ಜನ ಬರಹದ ಮುಂದೆ ಕೂರಿಸಿದರೆ, ಮಳೆಗಾಲದ ಎರೆಮಣ್ಣಿನಲ್ಲಿ ಹೂತ ಎತ್ತಿನ ಹಾಗೆ ಪ್ರತಿ ಸಾಲಿಗೂ ನಿಲ್ಲುತ್ತಿದ್ದ. “ಅಜ್ಜಾ, ಮುತ್ಯಾ ಎಲ್ಲೂ ಉಸರ ತಗೊಂಡಿಲ್ಲ. ನಾ ಎಲ್ಲಿ ತಗೊಳ್ಳಿ?” ಎನ್ನುತ್ತಿದ್ದ. ಹೇಳಿಕೊಡೋಣವೆಂದರೆ ನನಗೆ ಹಾಳೆಯೇ ಕಾಣದು. ನನ್ನ ನಂತರ ಆ ಮಣೆ ಬರಿದಾಗುತ್ತದೆ ಎಂಬ ಚಿಂತೆ ಮಗ್ಗದ ಮೇಲೂ ನನ್ನ ಜೊತೆಗೇ ಕುಳಿತಿರುತ್ತಿತ್ತು.

ಒಂದು ವರ್ಷ ಶ್ರಾವಣಕ್ಕೆ ಮುಂಚೆ ಈರಣ್ಣ ಸೀರೆಯ ಗಂಟು ಹೊತ್ತು ನರಗುಂದದ ಸಂತೆಗೆ ಹೋದವನು, ಬರುವಾಗ ಒಂದು ಪುಸ್ತಕ ತಂದ. ಅದೇ ಪುರಾಣ, ಆದರೆ ಅಚ್ಚು ಹಾಕಿದ್ದು! ದೂರದ ಊರಿನಿಂದ ಬಂದ ಪುಸ್ತಕದ ವ್ಯಾಪಾರಿಗೆ ಒಂದು ಸೀರೆ ಕೊಟ್ಟು ತಂದಿದ್ದ. ಆ ಸೀರೆ ಯಾರದೆಂಬುದು ಗಿರಿಜವ್ವನಿಗೆ ಗಂಟು ಬಿಚ್ಚಿದ ಕೂಡಲೇ ತಿಳಿಯಿತು.

“ನನಗಂತ ತಗದಿಟ್ಟ ಕೆಂಪಂಚಿನ ಸೀರಿ ಎಲ್ರಿ?”

“ಇಲ್ಲೇ ಐತಲ್ಲ” ಎಂದು ಈರಣ್ಣ ಪುಸ್ತಕ ಚಾಚಿದ.

“ಹಂಗಂದ್ರ ಪಂಚಮಿಗೆ ಇದನ್ನ ಉಟಗೊಳ್ಳಲೇನು? ಹಾಳಿ ಸಾಕಾಗಂಗಿಲ್ಲ, ಇನ್ನೊಂದ ತರ್ರಿ.”

ನಾನು ಆ ಪುಸ್ತಕವನ್ನು ಎದೆಗೆ ಹಿಡಿದುಕೊಂಡೆ. ಈರಣ್ಣ ಪಕ್ಕದಲ್ಲಿ ಕುಳಿತು ಮೊದಲ ಹಾಳೆ ಓದಿದ. ಎಲ್ಲೂ ಹೂತುಕೊಳ್ಳಲಿಲ್ಲ. ಹೊಳೆಗೆ ಬಿಟ್ಟ ದೋಣಿಯಂತೆ ಹೋಯಿತು ದನಿ. ಅದು ನನ್ನ ಅಪ್ಪನ ದನಿ! ಮೂಗಿನಲ್ಲಿ ತುಸು ಎಳೆಯುವುದು ಕೂಡ ಅವನದೇ. ಆಗ ನನಗಾದದ್ದನ್ನು ಹೇಗೆ ಹೇಳಲಿ? ನೀವೂ ಮೊಮ್ಮಕ್ಕಳನ್ನು ಕಂಡವರಾದರೆ ಹೇಳುವುದು ಬೇಡ, ಕಾಣದವರಾದರೆ ಹೇಳಿಯೂ ಫಲವಿಲ್ಲ. ಕಣ್ಣೀರು ಬಂತು, ಪುಸ್ತಕಕ್ಕೆ ತಾಗೀತೆಂದು ಮುಖ ತಿರುಗಿಸಿಕೊಂಡೆ. ಈರಣ್ಣ ನಕ್ಕು, “ತೊಯ್ದ್ರ ತೋಯ್ಲಿ ಬಿಡಜ್ಜ. ಹೊಳೆಆಲೂರ ಹತ್ರ ಮಳಿ ಹೊಡದು ಗಂಟೆಲ್ಲಾ ತೊಯ್ದಿತ್ತು. ಒಂದ ಅಕ್ಷರ ಅಳಿಸಿಲ್ಲ” ಎಂದ.

ಈ ಮಾತನ್ನು ನೆನಪಿನಲ್ಲಿಡಿ. ಮುಂದಿನದೆಲ್ಲ ಆದದ್ದು ಇದರಿಂದಲೇ.

ಓಣಿಯ ಹಿರಿಯ ಸಂಗಪ್ಪ ನನ್ನ ವಾರಿಗೆಯವನು. ಒಂದೇ ಉಸುಕಿನಲ್ಲಿ ಅಕ್ಷರ ತಿದ್ದಿದವರು ನಾವು. ಗುಡಿಯ ಮಡಿಮೈಲಿಗೆಯೆಲ್ಲ ಅವನ ಸುಪರ್ದಿ. ಒಳ್ಳೆಯವನು, ದೇವಿಗೆ ಏನಾದರೂ ಕುಂದು ಬಂದೀತೆಂಬ ಹೆದರಿಕೆಯಲ್ಲಿ ಅರ್ಧ ಸೊರಗಿದವನು. ಉಳಿದರ್ಧ ನಶ್ಯಪುಡಿಯಿಂದ ಸೊರಗಿದ್ದಾನೆ. ಸುದ್ದಿ ತಿಳಿದು ಗುಡಿಯ ಕಟ್ಟೆಗೆ ಬಂದ.

“ಅಚ್ಚಿನ ಮಸ್ಯಾಗ ಕೊಬ್ಬ ಹಾಕತಾರಂತ ಕೇಳೇನಿ. ಅದನ್ನ ಗುಡ್ಯಾಗ ತರೋದಾ?”

“ಇಲ್ಲಜ್ಜ, ಇದು ತುಪ್ಪದ ಮಸಿ ಅಂತ ವ್ಯಾಪಾರಿ ಆಣಿ ಮಾಡ್ಯಾನ” ಎಂದ ಈರಣ್ಣ.

“ವ್ಯಾಪಾರಿ ಆಣಿ! ಕೊಡಿಲ್ಲಿ, ಮೂಸಿ ನೋಡತೀನಿ.”

ಸಂಗಪ್ಪ ಪುಸ್ತಕ ತೆರೆದು ಮೂಗಿಗೆ ಹಿಡಿದು ದೀರ್ಘವಾಗಿ ಎಳೆದ. ನಶ್ಯ ತುಂಬಿದ ಮೂಗಿಗೆ ತುಪ್ಪವೇನು, ಕೊಬ್ಬೇನು? ಎರಡನೆಯ ಸಲ ಎಳೆಯುವಾಗ ಸೀನು ಬಂತು. ಬಂದದ್ದು ಸಣ್ಣ ಸೀನಲ್ಲ.

“ಆತ ನೋಡು” ಎಂದೆ ನಾನು. “ಇಷ್ಟೊತ್ತು ಕೊಬ್ಬಿನ ಸಂಶಯ ಇತ್ತು. ಈಗ ನಶ್ಯದ್ದು ಖಾತ್ರಿ ಆತು.”

ಕಟ್ಟೆಯೆಲ್ಲ ನಕ್ಕಿತು. ಸಂಗಪ್ಪ ನಗಲಿಲ್ಲ. ಹಾಳೆಯನ್ನು ಧೋತರದ ಅಂಚಿನಿಂದ ಒರೆಸುತ್ತ, “ನಗಬ್ಯಾಡ್ರಿ. ಕೊಬ್ಬಿಂದು ಬಿಡ್ರಿ. ಈ ಹಾಳಿ ಒಂದಕ್ಕೊಂದು ಹತ್ತಿ ಕೂಡತಾವು, ಓದಾವ್ರು ಬೆರಳ ನೆಕ್ಕಿ ತಿರುವತಾರ. ದೇವಿ ಮುಂದ ಎಂಜಲಾ?” ಎಂದ.

ಇಲ್ಲಿ ಸ್ವಲ್ಪ ನಿಂತು ದಣಿವಾರಿಸಿಕೊಳ್ಳುತ್ತೇನೆ. ಮುತ್ತಜ್ಜನ ಹಾಳೆಗಳನ್ನೂ ನಾನು ಹಾಗೆಯೇ ತಿರುವಿದ್ದೆ. ಯಾರೂ ನೋಡಿರಲಿಲ್ಲ, ಅಥವಾ ನೋಡಿದ್ದೂ ಹಳೆಯದಾಗಿತ್ತು. ಮುತ್ತಜ್ಜ ಆ ಹೊತ್ತಿಗೆಯನ್ನು ಗುಡಿಗೆ ತಂದಾಗ ಇದೇ ಸಂಗಪ್ಪನ ಹಿರಿಯರು, “ಕಾಗದ ಅಂದ್ರ ಕೊಳತ ಚಿಂದಿ. ಯಾರುಟ್ಟ ಅರಿವಿಯೋ ಏನೋ! ದೇವಿಗೆ ಓಲಿಗರಿನ ಆಗಬೇಕು” ಎಂದು ಹಟ ಹಿಡಿದಿದ್ದರಂತೆ. ಆಮೇಲೆ ಆ ಕೊಳೆತ ಚಿಂದಿಗೇ ಮೊಮ್ಮಕ್ಕಳು ಅಡ್ಡಬಿದ್ದರು. ನಮ್ಮ ಕಾಲಕ್ಕೆ ಗಿರಣಿಯ ವಿಲಾಯತಿ ನೂಲು ಬಂತು. ಹೆಂಗಸರು ರಾಟಿಯಲ್ಲಿ ತೆಗೆದ ನೂಲೇ ದೇವಿಗೆ ಸಲ್ಲಬೇಕು ಎಂದು ಪಂಚಾಯ್ತಿ ಸೇರಿತು, ಕೂಗಾಡಿತು, ಎದ್ದುಹೋಯಿತು. ಈಗ ದೇವಿ ಉಟ್ಟಿರುವುದು ವಿಲಾಯತಿ ನೂಲಿನದೇ, ಚೆನ್ನಾಗಿಯೂ ಒಪ್ಪುತ್ತದೆ. ಪ್ರತಿ ಸಲವೂ ಗೆರೆ ಎಳೆಯುತ್ತೇವೆ, ಅದನ್ನು ಕಾಯುತ್ತ ಬೆನ್ನು ಬಾಗುತ್ತದೆ, ಮಕ್ಕಳು ಆ ಗೆರೆಯ ಮೇಲೇ ಚಾಪೆ ಹಾಸಿ ಕುಳಿತು ಮುಂದೆ ಇನ್ನೊಂದು ಎಳೆಯುತ್ತಾರೆ. ಯಾರದು ಸರಿ ಎಂದು ನನ್ನನ್ನು ಕೇಳಬೇಡಿ. ಕೂಗಾಡಿದವರಿಗೂ ಭಕ್ತಿಯಿತ್ತು, ಕೂಗಾಡಿಸಿಕೊಂಡವರಿಗೂ ಇತ್ತು. ನನಗಂತೂ ಕೇಳಿ ಕೇಳಿ ದಣಿವಾಗಿದೆ.

ಅಂದು ಮಾತಾಡಿದವಳು ನೀಲವ್ವ. “ಸಂಗಣ್ಣ, ದೇವಿ ಸೀರಿ ನೇದಾವ್ರು ಯಾರು? ನೀವು, ನಮ್ಮನ್ಯಾವ್ರು. ಎಳಿ ಹರದಾಗ ನಿಮ್ಮ ನಾಲಿಗಿ ಏನ ಊರಿಗೆ ಹೋಗಿರತದೇನು?”

ಸಂಗಪ್ಪ ಇದಕ್ಕೆ ತಯಾರಾಗಿಯೇ ಇದ್ದ. “ಸೀರಿ ಮಾತ ಬ್ಯಾರೆ, ನೀಲವ್ವ. ಸೀರಿ ನೀರಾಗ ಅದ್ದತೀವಿ, ಹಿಂಡತೀವಿ, ಮಡಿ ಮಾಡಿ ಉಡಸತೀವಿ. ಪುಸ್ತಕ ಅದ್ದಾಕ ಬರತದೇನು?”

“ಯಾಕ ಬರೂದಿಲ್ಲಜ್ಜ?” ಎಂದ ಈರಣ್ಣ. “ಮಳ್ಯಾಗ ತೊಯ್ದೇ ಬಂದದ. ಒಂದ ಅಕ್ಷರ ಅಳಿಸಿಲ್ಲ.”

ಸಂಗಪ್ಪನ ಮುಖ ದೀಪ ಹಚ್ಚಿದಂತಾಯಿತು. ಪಾಪ, ಅವನಿಗೆ ಬೇಕಾದದ್ದು ಬೇಡವೆನ್ನಲು ಕಾರಣವಲ್ಲ, ಹೌದೆನ್ನಲು ಒಂದು ದಾರಿ. “ಹಂಗಂದ್ರ ಮಡಿ ಮಾಡಬಹುದಲ್ಲೋ! ಮದಲ ಹೇಳಬೇಕಿಲ್ಲೋ ತಮ್ಮಾ” ಎಂದು ಎದ್ದೇ ನಿಂತ. ತಾನೇ ಬಾವಿಯಿಂದ ನೀರು ಸೇದಿ, ಹೊಸ ಧೋತರ ಅದ್ದಿದ. ಒದ್ದೆ ಧೋತರವನ್ನು ದೇವಿಯ ಮುಂದಿನ ಮಣೆಯ ಮೇಲೆ ಹಾಸಿ ಪುಸ್ತಕ ಇಟ್ಟ. ಆಮೇಲೆ ಒಂದು ಕ್ಷಣ ಯೋಚಿಸಿ, ಶ್ರಾವಣಕ್ಕೆಂದು ಗುಡಿಗೆ ತಂದಿಟ್ಟಿದ್ದ ನಮ್ಮ ಮುತ್ತಜ್ಜನ ಹೊತ್ತಿಗೆಯನ್ನು ಅದರ ಮೇಲೆ ಇಟ್ಟ. “ಹಿರಿಯನ ಕೂಡ ಮಲಗಿದ್ರ ಕಿರಿಯಗ ಗುಣ ಬರತದ” ಎಂದು ಎರಡನ್ನೂ ಸೇರಿಸಿ, ಒದ್ದೆ ಧೋತರದಲ್ಲಿ ಬಿಗಿಯಾಗಿ ಸುತ್ತಿ ಗಂಟು ಹಾಕಿದ. ಬೆಳಗಾದರೆ ಶ್ರಾವಣ.

ಅಲ್ಲಿದ್ದವರೆಲ್ಲ ನೇಕಾರರು. ನೂಲನ್ನು ನೀರಿಗೆ ಹಾಕಿ, ಗಂಜಿ ಕುಡಿಸಿ, ಒದ್ದೆ ಮಾಡಿದಷ್ಟೂ ಗಟ್ಟಿಯಾಗುತ್ತದೆ ಎಂದು ಹುಟ್ಟಿನಿಂದ ಬಲ್ಲವರು. ಯಾರಿಗೂ ಏನೂ ಅನ್ನಿಸಲಿಲ್ಲ. ಈರಣ್ಣನ ಪುಸ್ತಕ ಮಡಿಯಾಯಿತಲ್ಲ ಎಂಬ ಹಿಗ್ಗಿನಲ್ಲಿ ನಾನು ಮನೆಗೆ ಹೋಗಿ, ಬಹಳ ದಿನಗಳ ಮೇಲೆ ನಿಶ್ಚಿಂತೆಯಿಂದ ಮಲಗಿದೆ.

ಬೆಳಿಗ್ಗೆ ಸಂಗಪ್ಪ ಗಂಟು ಬಿಚ್ಚಿದ. ಧೋತರ ಕಪ್ಪಾಗಿತ್ತು.

ಅಚ್ಚಿನ ಅಕ್ಷರಗಳು ನೀರು ಕುಡಿದು ಇನ್ನೂ ಮಿರಿಮಿರಿ ಮಿಂಚುತ್ತಿದ್ದವು. ಮುತ್ತಜ್ಜನ ಕಾಡಿಗೆಯ ಅಕ್ಷರಗಳು ಹರಿದು, ಒಂದು ಹಾಳೆಯಿಂದ ಇನ್ನೊಂದಕ್ಕೆ ಇಳಿದು, ಮೋಡವಾಗಿದ್ದವು. ಈರಣ್ಣ ಒಂದೊಂದೇ ಹಾಳೆ ಎತ್ತಿ ನೋಡಿದ. ನಾನು, “ಏನ ಕಾಣತದೋ?” ಎಂದೆ. ಅವನು ಇನ್ನೊಂದು ಹಾಳೆ ಎತ್ತಿದ. ನನಗಂತೂ ಆ ಹಾಳೆಗಳು ವರ್ಷಗಳಿಂದ ಹಾಗೆಯೇ ಕಾಣುತ್ತಿದ್ದವು, ಮೋಡದ ಹಾಗೆ. ಇಂದು ಎಲ್ಲರಿಗೂ ನನ್ನ ಕಣ್ಣು ಬಂದಿತ್ತು, ಅಷ್ಟೇ.

ಸಂಗಪ್ಪನನ್ನು ಬೈಯಬೇಕೆಂದರೆ ನನ್ನಲ್ಲಿ ಬೈಗುಳಕ್ಕೆ ಬೇಕಾದ ಉಸಿರಿರಲಿಲ್ಲ. ಅವನು ಆ ಧೋತರವನ್ನು ಎತ್ತಿ, ಹಿಂಡಲು ಹೋಗಿ, ತಡೆದು, “ಒಂದ ತಂಬಿಗಿ ತರ್ರಿ” ಎಂದ. ಕಪ್ಪು ನೀರನ್ನು ತಂಬಿಗೆಯೊಳಗೆ ಹಿಂಡಿಕೊಂಡ. “ಇದು ದೇವಿ ಅಕ್ಷರ. ಕಾಲಾಗ ಚೆಲ್ಲಬಾರದು” ಎಂದು ಅದನ್ನು ಶಾಲಿನ ಮರೆಯಲ್ಲಿಟ್ಟುಕೊಂಡು ಗೋಡೆಗುಂಟ ನಡೆದು ಮನೆ ಸೇರಿದ. ದಿನವಿಡೀ ಅವನ ಮಗ್ಗದ ಸದ್ದು ಕೇಳಲಿಲ್ಲ.

ಸಂಜೆ ಗುಡಿ ತುಂಬಿತು. ಮಣೆ ಬರಿದಾಗಿತ್ತು. ಹೊತ್ತಿಗೆಯಿಲ್ಲದೆ ನಾನು ಏರಲಿಲ್ಲ, ಹಿರಿಯ ಸಂಗಪ್ಪನ ಒಪ್ಪಿಗೆಯಿಲ್ಲದೆ ಈರಣ್ಣನೂ ಏರುವಂತಿರಲಿಲ್ಲ. ಅಬ್ಬಿಗೇರಿಯಿಂದ ಬಂದಿದ್ದ ನಮ್ಮ ಬೀಗರು, “ಇವತ್ತ ಪುರಾಣ ಇಲ್ಲ, ಬರೇ ಪ್ರಸಾದದ ಪಳಾರ ಏನ್ರಿ?” ಎಂದು ಪಿಸುಗುಟ್ಟಿದ್ದು ಕೇಳಿಸಿತು. ಎಣ್ಣೆ ಹಾಕಿದ ದೀಪ ಒಮ್ಮೆ ಕುಗ್ಗಿ ಮತ್ತೆ ಎದ್ದಿತು. ಆಗ ಬಾಗಿಲಲ್ಲಿ ಸಂಗಪ್ಪ. ಬಂದವನು ತನ್ನ ಕಂಬದ ಬುಡದಲ್ಲಿ ಕುಳಿತು, ಯಾರ ಮುಖವನ್ನೂ ನೋಡದೆ ಹೇಳಿದ:

“ಈರಣ್ಣ, ಓದಪಾ.”

“ಅಜ್ಜ, ಬೆರಳ…”

“ನೆಕ್ಕೋ ಮಾರಾಯಾ. ಹಾಳಿ ತಿರುವದಿದ್ರ ಕತಿ ಮುಂದ ಹೋಗೂದು ಹ್ಯಾಂಗ?”

ಈರಣ್ಣ ಮಣೆಯ ಮೇಲೆ ಕುಳಿತು ಓದತೊಡಗಿದ. ನಾನು ಜನರ ನಡುವೆ ನೆಲದ ಮೇಲೆ ಕುಳಿತು ಕೇಳಿದೆ. ನನ್ನ ಆಯುಷ್ಯದಲ್ಲಿ ಆ ಪುರಾಣವನ್ನು ನಾನು ಹೇಳಿದ್ದೇ ಹೆಚ್ಚು, ಕೇಳಿದ್ದು ಕಡಿಮೆ. ಎಷ್ಟು ಚೆಲುವಾದ ಕತೆ ಅದು! ಕಂಬಕ್ಕೆ ಒರಗಿ ತೂಕಡಿಸಲಿಕ್ಕೂ ಅವಕಾಶವಿತ್ತು. ಆದರೆ ಯಾರು ತೂಕಡಿಸುತ್ತಾರೆ? ಪಕ್ಕದಲ್ಲಿದ್ದ ರಾಜೂರಿನವನನ್ನು ಮೊಣಕೈಯಿಂದ ತಿವಿದು, “ನನ್ನ ಮೊಮ್ಮಗ” ಎಂದೆ. “ಗೊತ್ತೈತ್ರಿ, ಆಗ್ಲೇ ಹೇಳೀರಿ” ಎಂದ. ಸ್ವಲ್ಪ ಹೊತ್ತಿಗೆ ಮತ್ತೆ ತಿವಿದೆ. ಅವನು ಎದ್ದು ಬೇರೆ ಕಂಬಕ್ಕೆ ಹೋದ.

ಮೊದಲನೆಯ ಸಂಧಿ ಮುಗಿಯಿತು. ಈರಣ್ಣ ಉಸಿರೆಳೆದು ಎರಡನೆಯದಕ್ಕೆ ಹಾಳೆ ತಿರುವಿದ. ಅಚ್ಚು ಹಾಕಿದವನಿಗೆ ನಮ್ಮ ಓಣಿಯ ಆ ನಾಲ್ಕು ಸಾಲು ಹೇಗೆ ಗೊತ್ತಿರಬೇಕು?

ಹೆಂಗಸರ ಸಾಲಿನಲ್ಲಿ ನೀಲವ್ವ ಕೆಮ್ಮಿದಳು.

ಈರಣ್ಣ ನಿಂತ. ಹಾಳೆ ಹಿಂದೆ ತಿರುವಿ ನೋಡಿದ, ಮುಂದೆ ತಿರುವಿ ನೋಡಿದ. ನೀಲವ್ವ ಮತ್ತೆ ಕೆಮ್ಮಿದಳು, ಈ ಸಲ ಜೋರಾಗಿ, ಮುದುಕ ಗಂಡನಿಗೆ ಕೇಳಿಸಲೆಂದೇ. ನೋಡಿದರೆ ಹೆಂಗಸರೆಲ್ಲ ಆಗಲೇ ಕೈ ಮುಗಿದು ಕಾಯುತ್ತಿದ್ದರು. ನಾನು ಕುಳಿತಲ್ಲಿಂದಲೇ ಹೇಳಿದೆ:

ಹರಿದೆಳೆಯ ಕೂಡಿಸುವ ತಾಯೆ ನೀನಾಲಿಸೆ
ಕುಣಿಯೊಳಗೆ ಕುಳಿತವರ ಕೊರಳ ದನಿಯ;
ಲಾಳಿ ನಿಲ್ಲದ ಹಾಗೆ, ದೀಪವಾರದ ಹಾಗೆ
ಕಾಯವ್ವ ಈ ಓಣಿ ಮನೆಮನೆಯನು.

ಹೆಂಗಸರು ಮುಗಿದ ಕೈಗಳನ್ನು ಹಣೆಗೊತ್ತಿಕೊಂಡರು. ಸಂಗಪ್ಪ ಮೂಗೊರೆಸಿಕೊಂಡ, ಅಂದು ಅವನು ನಶ್ಯ ಏರಿಸಿರಲಿಲ್ಲ. “ಇನ್ನೊಮ್ಮೆ ಹೇಳೋ” ಎಂದ. ಇನ್ನೊಮ್ಮೆ ಹೇಳಿದೆ. “ಇದು ನಿನ್ನ ತಲ್ಯಾಗ ಅಷ್ಟ ಉಳದದ. ನೀ ಹ್ವಾದ್ರ?”

“ಹೋಗ್ತೀನಿ ಅಂತ ನಾ ಯಾವಾಗ ಅಂದೆ? ನೀ ಕಳಸಬ್ಯಾಡ” ಎಂದೆ. ಬೆಳಗಿನಿಂದ ಅವನು ನಕ್ಕದ್ದು ಆಗಲೇ.

ಮರುದಿನ ಹೊತ್ತೇರುವ ಮುಂಚೆ ಸಂಗಪ್ಪ ತಂಬಿಗೆ ಹಿಡಿದು ನಮ್ಮ ಬಾಗಿಲಿಗೆ ಬಂದ. ಅದೇ ಕಪ್ಪು ನೀರು. “ರಾತ್ರಿಯೆಲ್ಲಾ ವಿಚಾರ ಮಾಡಿದೆ, ಇದನ್ನ ಎಲ್ಲಿ ಚೆಲ್ಲಲಿ ಅಂತ. ಬಾವಿಗೆ ಹಾಕಲೋ, ತುಳಸಿಗೆ ಹಾಕಲೋ. ಎಲ್ಲೂ ಮನಸ ಬರಲಿಲ್ಲ. ಬರಿಯಾಕ ಬರತದೇನು ನೋಡ್ರಿ.” ನೀಲವ್ವ ಅದನ್ನು ಒಲೆಯ ಮೇಲೆ ಮಂದ ಉರಿಯಲ್ಲಿ ಇಂಗಿಸಿದಳು. ಗಿರಿಜವ್ವ ದೀಪದ ಕಾಡಿಗೆ ಬೆರಳಲ್ಲಿ ತೆಗೆದು ಅಷ್ಟು ಕೂಡಿಸಿದಳು, ಜಾಲಿಯ ಅಂಟು ಇಷ್ಟು. ಅಚ್ಚಿನ ಪುಸ್ತಕದಲ್ಲಿ ಮೊದಲನೆಯ ಸಂಧಿ ಮುಗಿದು ಎರಡನೆಯದು ಶುರುವಾಗುವ ನಡುವೆ ಬರಿ ಜಾಗವಿತ್ತು. ನಾನು ಹೇಳಿದೆ, ಈರಣ್ಣ ಬರೆದ. ಸಂಗಪ್ಪ ಉಸಿರು ಬಿಗಿಹಿಡಿದು ಪುಸ್ತಕದ ಅಂಚು ಒತ್ತಿ ಹಿಡಿದಿದ್ದ.

“ಇನ್ನ ಇದಕ್ಕ ನೀರು ಸೋಕಸಬ್ಯಾಡ್ರೆಪಾ” ಎಂದ ಕೊನೆಗೆ. ಮಡಿಯ ಕಾವಲುಗಾರನ ಬಾಯಲ್ಲಿ ಈ ಮಾತು!

ಅದಾಗಿ ಕೆಲವು ಶ್ರಾವಣಗಳು ಕಳೆದವು. ಗಿರಿಜವ್ವನಿಗೆ ಬೇರೊಂದು ಕೆಂಪಂಚಿನ ಸೀರೆ ನೇಯ್ದುಕೊಟ್ಟೆ. ಕಣ್ಣು ಸಾಲದ ಕೈ, ಅಂಚು ಅಲ್ಲಲ್ಲಿ ಡೊಂಕಾಗಿದೆ, ಆದರೂ ಹಬ್ಬಕ್ಕೆಲ್ಲ ಅದನ್ನೇ ಉಡುತ್ತಾಳೆ. ಈರಣ್ಣನ ಕಣ್ಣು ಬಹಳ ಚುರುಕು. ಕೂದಲಿಗಿಂತ ಸಣ್ಣ ಎಳೆ ಹರಿದರೂ ಮುಸ್ಸಂಜೆಯ ಬೆಳಕಿನಲ್ಲಿ ಕಂಡುಹಿಡಿಯುತ್ತಾನೆ. ಆದರೆ ಗುಡಿಯ ಮಣೆಯ ಮೇಲೆ ಕುಳಿತು ಮೊದಲನೆಯ ಸಂಧಿ ಮುಗಿಸಿದೊಡನೆ, ತಾನೇ ಕೈಯಾರೆ ಬರೆದ ಆ ನಾಲ್ಕು ಸಾಲಿನ ಮುಂದೆ ಪ್ರತಿ ವರ್ಷವೂ ತಡವರಿಸುತ್ತಾನೆ. ದೀಪ ಹತ್ತಿರ ಎಳೆದುಕೊಳ್ಳುತ್ತಾನೆ, ಕಣ್ಣುಜ್ಜಿಕೊಳ್ಳುತ್ತಾನೆ. “ಮಸಿ ತೆಳ್ಳಗ ಐತ್ರಿ, ಕಾಣವಲ್ದು” ಎಂದು ತಲೆಯೆತ್ತಿ ನಾನು ಕುಳಿತ ಕಡೆಗೆ ನೋಡಿ, ಸಣ್ಣಗೆ ಕೆಮ್ಮುತ್ತಾನೆ.

ಗುಡಿಯಲ್ಲಿ ಎಲ್ಲರಿಗೂ ಗೊತ್ತು. ಗೊತ್ತಿಲ್ಲದವರ ಹಾಗೆ ಕೈ ಮುಗಿದು ಕಾಯುತ್ತಾರೆ. ನಾನು ಗಂಟಲು ಸರಿಮಾಡಿಕೊಳ್ಳುತ್ತೇನೆ.